ಬಟ್ಟೆ ಬಾಳುತ್ತೆ, ಹೊಲಿಗೆ ನೋಡ್ಕೊಳ್ಳಿ

ಅಪ್ಪನ ಎದೆಯೊಳಗೆ ಉಬ್ಬಿದ ರಕ್ತನಾಳದ ಬದಲಿಗೆ ಪಾಲಿಸ್ಟರ್ ಟ್ಯೂಬ್ ಹಾಕಿದ್ದಾರೆ ಅಂದರೆ ಸಾಕು, ಎದುರಿಗಿದ್ದವರು ಕೇಳುವ ಮೊದಲ ಪ್ರಶ್ನೆ ಒಂದೇ. "ಎಷ್ಟು ವರ್ಷ ಬರುತ್ತಂತೆ?" ನೆಂಟರು ಕೇಳಿದ್ದಾರೆ, ಹಾಲು ಹಾಕುವವರು ಕೇಳಿದ್ದಾರೆ, ನಾನೂ ಡಾಕ್ಟರನ್ನು ಕೇಳಿದ್ದೇನೆ. ಕೇಳುವುದು ಸಹಜವೇ. ಪೇಸ್‌ಮೇಕರ್ ಬ್ಯಾಟರಿಗೆ ಇಷ್ಟು ವರ್ಷ, ಮಂಡಿಗೆ ಹಾಕುವ ಕೃತಕ ಕೀಲಿಗೆ ಇಷ್ಟು ವರ್ಷ ಅಂತ ಒಂದು ಲೆಕ್ಕ ಎಲ್ಲರ ಬಾಯಲ್ಲೂ ಓಡಾಡುತ್ತಿರುತ್ತದೆ. ಇದಕ್ಕೂ ಹಾಗೇ ಒಂದು ಅಂಕಿ ಇರಬೇಕು ಅಲ್ವಾ ಅಂದುಕೊಳ್ಳುತ್ತೇವೆ. ಅಪ್ಪನ ಆಪರೇಷನ್ ಆದ ಮೇಲೆ ಆ ಅಂಕಿ ಹುಡುಕುತ್ತಾ ಸಿಕ್ಕಿದ್ದನ್ನೆಲ್ಲ ಓದಿದೆ, ಸಿಕ್ಕ ಡಾಕ್ಟರುಗಳನ್ನೆಲ್ಲ ಕೇಳಿದೆ. ಓದಿದಷ್ಟೂ ಒಂದು ವಿಷಯ ಗಟ್ಟಿಯಾಗುತ್ತಾ ಬಂತು. ನಾವು ಕೇಳುವ ಪ್ರಶ್ನೆ ಟ್ಯೂಬಿನ ಬಗ್ಗೆ. ತೊಂದರೆ ಬಂದರೆ ಬರುವುದು ಹೆಚ್ಚಾಗಿ ಟ್ಯೂಬಿನ ಅಕ್ಕಪಕ್ಕದಿಂದ. ಅದರ ಬಗ್ಗೆ ಯಾರೂ ಕೇಳುವುದಿಲ್ಲ, ಆಸ್ಪತ್ರೆಯವರೂ ಬಿಡಿಸಿ ಹೇಳುವುದು ಕಡಿಮೆ. ಅದಕ್ಕೇ ಇಷ್ಟುದ್ದ ಬರೆಯಲು ಕೂತಿದ್ದೇನೆ.

ನೇಕಾರನ ಕೈಗೆ ಸಿಕ್ಕ ಟ್ಯೂಬ್

ಅಪ್ಪ ದೊಡ್ಡಬಳ್ಳಾಪುರದಲ್ಲಿ ಪವರ್‌ಲೂಮ್ ನಡೆಸಿದವರು. ಜೀವಮಾನವೆಲ್ಲ ಸೀರೆ ನೇಯ್ದವರು, ರೇಷ್ಮೆ ಸ್ವಲ್ಪ, ಪಾಲಿಸ್ಟರ್ ಜಾಸ್ತಿ. ಬಿಡದ ಕೆಮ್ಮಿಗೆ ಅಂತ ಎಕ್ಸ್‌ರೇ ತೆಗೆಸಿದರೆ ಎದೆಯ ನೆರಳು ಅಗಲವಾಗಿ ಕಂಡಿತು. ಅಲ್ಲಿಂದ ಎಕೋ, ಎಕೋದಿಂದ ಸಿ.ಟಿ. ಹೃದಯದಿಂದ ಮೇಲಕ್ಕೆ ಹೊರಡುವ ಅಯೋರ್ಟಾ, ಅಂದರೆ ಮಹಾಧಮನಿ, ಬಲೂನಿನ ಹಾಗೆ ಉಬ್ಬಿ 5.7 ಸೆಂಟಿಮೀಟರ್ ಆಗಿತ್ತು. 4 ಸೆಂಟಿಮೀಟರಿನ ಒಳಗೆ ಇರಬೇಕಾದದ್ದು. 5.5 ದಾಟಿದರೆ ಒಡೆಯುವ ಅಥವಾ ಒಳಪದರ ಸೀಳುವ ಅಪಾಯ ಆಪರೇಷನ್ನಿನ ಅಪಾಯಕ್ಕಿಂತ ಹೆಚ್ಚಾಗುತ್ತದೆ ಅನ್ನುವುದು ಸಾಮಾನ್ಯವಾಗಿ ಎಲ್ಲರೂ ಒಪ್ಪಿರುವ ಲೆಕ್ಕ. ಅಪ್ಪನಿಗೆ ನೋವಿಲ್ಲ, ಸುಸ್ತಿಲ್ಲ, ಏನೂ ಇಲ್ಲ. ಬಿ.ಪಿ. ಮಾತ್ರ ವರ್ಷಗಳಿಂದ ಇತ್ತು. ಮಾತ್ರೆ ನೆನಪಾದಾಗ ನುಂಗುತ್ತಿದ್ದರು.

ಆಪರೇಷನ್ನಿಗೆ ಮುಂಚೆ ಸರ್ಜನ್ ಟೇಬಲ್ಲಿನ ಡ್ರಾಯರ್ ತೆಗೆದು ಒಂದು ಸ್ಯಾಂಪಲ್ ಟ್ಯೂಬ್ ಅಪ್ಪನ ಕೈಗೆ ಕೊಟ್ಟರು. ಬಿಳೀ ಬಣ್ಣ, ಹೆಬ್ಬೆರಳಿಗಿಂತ ದಪ್ಪ, ಉದ್ದಕ್ಕೂ ಸಣ್ಣ ಸಣ್ಣ ನೆರಿಗೆ, ಪಕ್ಕದಲ್ಲಿ ಒಂದು ಕಪ್ಪು ಗೆರೆ. ನೆರಿಗೆ ಯಾಕೆ ಅಂದರೆ, ಬಾಗಿಸಿದಾಗ ಮುರಿದು ಮಡಚಿಕೊಳ್ಳಬಾರದು ಅಂತ. ಗೆರೆ ಯಾಕೆ ಅಂದರೆ, ಹೊಲಿಯುವಾಗ ಟ್ಯೂಬ್ ತಿರುಚಿಕೊಂಡರೆ ಸರ್ಜನ್‌ಗೆ ಕಾಣಲಿ ಅಂತ. ಅಪ್ಪ ಅದನ್ನು ಮೊದಲು ಬೆಳಕಿಗೆ ಹಿಡಿದು ಒಳಗೆ ಇಣುಕಿದರು. ಉದ್ದಕ್ಕೆ ಎಳೆದರು, ಆಮೇಲೆ ಎರಡು ಬೆರಳು ಒಳಗೆ ತೂರಿಸಿ ಅಗಲಕ್ಕೆ ಹಿಗ್ಗಿಸಿ ನೋಡಿದರು. ಕತ್ತರಿಸಿದ ತುದಿಯಲ್ಲಿ ಉಗುರು ಹಾಕಿ ಎಳೆ ಬಿಡುತ್ತದಾ ಅಂತ ಕೆದಕಿದರು. ನನಗೆ ಮುಜುಗರವಾಯಿತು. ಸರ್ಜನ್ ಮಾತ್ರ ಸುಮ್ಮನೆ ನೋಡುತ್ತಾ ಕೂತಿದ್ದರು.

"ಸಾರ್, ಇದು ಮಗ್ಗದ್ದಾ, ನಿಟ್ಟಿಂಗಾ?"

"ಮಗ್ಗದ್ದೇ. ಎದೆ ಭಾಗಕ್ಕೆ ನಾವು ನೇಯ್ದಿದ್ದೇ ಹಾಕೋದು."

"ಹಾಸು ಹೊಕ್ಕು ಎರಡೂ ಬಿಗಿಯಾಗಿದೆ. ರಕ್ತ ಜಿನುಗಲ್ವಾ?"

"ಮೇಲೆ ಜೆಲಟಿನ್ ಬಳಿದಿರ್ತಾರೆ. ಮೊದಲ ದಿನಗಳು ಅದು ತಡೆಯುತ್ತೆ. ಅದು ಕರಗೋ ಹೊತ್ತಿಗೆ ನಿಮ್ಮ ಮೈಯೇ ಬಟ್ಟೆಗೆ ಒಂದು ಪದರ ಕಟ್ಟಿರುತ್ತೆ."

"ಕತ್ತರಿಸಿದ ಕಡೆ?"

"ಬಿಸಿ ಮಾಡಿದ ಕಾಟರಿಯಲ್ಲಿ ಕತ್ತರಿಸ್ತೀವಿ. ಅಂಚು ಕರಗಿ ಕೂಡಿಕೊಳ್ಳುತ್ತೆ, ಎಳೆ ಬಿಡಲ್ಲ."

ಆಗ ಅಪ್ಪ ಮೊದಲ ಸಲ ಆರಾಮಾಗಿ ಕುರ್ಚಿಗೆ ಒರಗಿದರು. "ನಾವೂ ಊದುಬತ್ತಿ ತಾಗಿಸ್ತೀವಿ ಸಾರ್, ಪಾಲಿಸ್ಟರ್ ಅಂಚಿಗೆ" ಅಂದರು. ಎದೆ ಸೀಳುವುದು, ಹೃದಯ ನಿಲ್ಲಿಸಿ ಮೆಷಿನ್ನಿಗೆ ಹಾಕುವುದು, ಇದ್ಯಾವುದನ್ನು ಎಷ್ಟು ವಿವರಿಸಿದರೂ ಇಳಿಯದ ಭಯ ಆ ಒಂದು ಮಾತಿಗೆ ಇಳಿದಿತ್ತು. ಹೊರಡುವಾಗ ನಾನು ಆ ಮಾಮೂಲಿ ಪ್ರಶ್ನೆ ಕೇಳಿದೆ. ಸರ್ಜನ್ ಅಪ್ಪನ ಕಡೆಗೇ ತಿರುಗಿ ಉತ್ತರ ಕೊಟ್ಟರು. "ಬಟ್ಟೆ ಬಾಳುತ್ತೆ ಯಜಮಾನ್ರೇ. ಹೊಲಿಗೆ ನೋಡ್ಕೋಬೇಕು. ಮಿಕ್ಕಿದ ಅಯೋರ್ಟಾ ನೋಡ್ಕೋಬೇಕು."

ಅಂಗಡಿಯಲ್ಲಿ ಸಿಕ್ಕ ಬಟ್ಟೆ

ಈ ಬಟ್ಟೆ ಮನುಷ್ಯನ ಮೈಯೊಳಗೆ ಬಂದ ಕಥೆ ಅಪ್ಪನಿಗೆ ತುಂಬಾ ಇಷ್ಟ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಆರ್ಥರ್ ವೂರ್ಹೀಸ್ ಅನ್ನುವ ಎಳೆಯ ಸರ್ಜನ್ 1947ರಲ್ಲಿ ನಾಯಿಯ ಹೃದಯದ ಮೇಲೆ ಪ್ರಯೋಗ ಮಾಡುತ್ತಿದ್ದರು. ಒಂದು ರೇಷ್ಮೆ ಹೊಲಿಗೆ ತಪ್ಪಿ ಹೃದಯದ ಕೋಣೆಯೊಳಗೆ ಉಳಿದುಬಿಟ್ಟಿತ್ತು. ತಿಂಗಳುಗಳ ನಂತರ ನೋಡಿದರೆ ಆ ನೂಲಿನ ಮೇಲೆ ತೆಳ್ಳಗೆ ನಯವಾದ ಪದರ ಬೆಳೆದಿತ್ತು. ನೂಲಿನ ಮೇಲೆ ಹೀಗೆ ಬೆಳೆಯುವುದಾದರೆ ಬಟ್ಟೆಯ ಕೊಳವೆಯ ಒಳಗೂ ಬೆಳೆಯಬೇಕಲ್ಲ? ಈ ಯೋಚನೆ ಹಿಡಿದು ಅವರು, ಅವರ ಜೊತೆಯವರು ವಿನಿಯಾನ್ ಅನ್ನುವ ಕೃತಕ ಬಟ್ಟೆಯಿಂದ ಟ್ಯೂಬ್ ಹೊಲಿದು ನಾಯಿಗಳಿಗೆ ಹಾಕಿದರು, 1952ರಲ್ಲಿ ಅದರ ವರದಿ ಬರೆದರು. ಅದಕ್ಕೂ ಒಂದು ವರ್ಷ ಮುಂಚೆ, 1951ರಲ್ಲಿ, ಪ್ಯಾರಿಸ್ಸಿನ ಶಾರ್ಲ್ ದ್ಯುಬೋ ಹೊಟ್ಟೆಯ ಅಯೋರ್ಟಾದ ಉಬ್ಬನ್ನು ಕತ್ತರಿಸಿ ತೆಗೆದು ಸತ್ತವರ ದೇಹದಿಂದ ತೆಗೆದ ರಕ್ತನಾಳ ಹಾಕಿದ್ದರು. ಅಂಥ ರಕ್ತನಾಳ ಬೇಕೆಂದಾಗ ಸಿಗುವುದಿಲ್ಲ. ಸಿಕ್ಕಿದ್ದೂ ವರ್ಷಗಳಲ್ಲಿ ಕೆಡುತ್ತಿತ್ತು.

ಅಮೆರಿಕದ ಹ್ಯೂಸ್ಟನ್ನಿನ ಸರ್ಜನ್ ಮೈಕೆಲ್ ಡಿಬೇಕಿಯ ಕಥೆ ಹೆಚ್ಚು ಜನರಿಗೆ ಗೊತ್ತು. ನೈಲಾನ್ ಬಟ್ಟೆ ತರಲು ಊರಿನ ದೊಡ್ಡ ಅಂಗಡಿಗೆ ಹೋದರೆ ನೈಲಾನ್ ಮುಗಿದಿತ್ತು. ಅಂಗಡಿಯವರು ಹೊಸದಾಗಿ ಬಂದ ಡೇಕ್ರಾನ್ ತೋರಿಸಿದರು. ಡೇಕ್ರಾನ್ ಅಂದರೆ ನಮ್ಮ ಪಾಲಿಸ್ಟರೇ. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಬಟ್ಟೆ ಉದ್ಯಮಕ್ಕೆ ಅಂತಲೇ ಕಂಡುಹಿಡಿದ ನೂಲು. ಡಿಬೇಕಿ ಅದನ್ನೇ ಕೊಂಡು ಹೊಲಿಗೆ ಮೆಷಿನ್ನಿನಲ್ಲಿ ಟ್ಯೂಬ್ ಹೊಲಿದರು, 1954ರಲ್ಲಿ ರೋಗಿಗೆ ಹಾಕಿದರು. ಹೊಲಿಗೆ ಅವರಿಗೆ ಅಮ್ಮ ಚಿಕ್ಕಂದಿನಲ್ಲೇ ಕಲಿಸಿದ್ದರಂತೆ. ಆಮೇಲೆ ತಿಳಿದದ್ದು ಏನೆಂದರೆ, ನೈಲಾನ್ ದೇಹದೊಳಗೆ ಬೇಗ ಬಲ ಕಳೆದುಕೊಳ್ಳುತ್ತದೆ, ಪಾಲಿಸ್ಟರ್ ತಡೆಯುತ್ತದೆ. ಅವತ್ತು ಅಂಗಡಿಯಲ್ಲಿ ನೈಲಾನ್ ಇದ್ದಿದ್ದರೆ ಎಷ್ಟು ಜನರ ಎದೆಯಲ್ಲಿ ಅದು ಹೋಗಿ ಕೂರುತ್ತಿತ್ತೋ ಅಂತ ಯೋಚಿಸಿದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಅದೇ ಡಿಬೇಕಿಗೆ 2005ರ ಡಿಸೆಂಬರ್ 31ರಂದು, 97ನೇ ವಯಸ್ಸಿನಲ್ಲಿ, ಅಯೋರ್ಟಾದ ಒಳಪದರ ಸೀಳಿತು. ಎದೆನೋವು ಬಂದ ಕೂಡಲೇ ಅದು ಏನು ಅಂತ ಅವರಿಗೇ ಗೊತ್ತಾಯಿತು. ಆ ರೋಗವನ್ನು ವಿಂಗಡಿಸಿದ ಒಂದು ಪದ್ಧತಿಗೆ ಅವರದೇ ಹೆಸರಿದೆ. ಮೊದಲು ಆಪರೇಷನ್ ಬೇಡ ಅಂದರು. 2006ರ ಫೆಬ್ರವರಿಯಲ್ಲಿ ಸ್ಥಿತಿ ಕೆಟ್ಟಾಗ, ಆಸ್ಪತ್ರೆಯೊಳಗೆ ಮಾಡುವುದೋ ಬೇಡವೋ ಅನ್ನುವ ದೊಡ್ಡ ಚರ್ಚೆಯ ನಂತರ, ಅವರ ಬಹುಕಾಲದ ಸಹೋದ್ಯೋಗಿ ಜಾರ್ಜ್ ನೂನ್ ಡಿಬೇಕಿಯ ಎದೆ ತೆರೆದು ಡೇಕ್ರಾನ್ ಟ್ಯೂಬನ್ನೇ ಹಾಕಿದರು. ಚೇತರಿಸಿಕೊಳ್ಳಲು ತಿಂಗಳುಗಳು ಬೇಕಾದವು. ಆದರೂ ಅವರು ಮತ್ತೆ ಕೆಲಸಕ್ಕೆ ಬಂದರು, 2008ರ ಜುಲೈವರೆಗೆ ಬದುಕಿದರು.

ಹಾಗಾದರೆ ಬಟ್ಟೆ ಸವೆಯುವುದೇ ಇಲ್ಲವಾ? ಸವೆಯುತ್ತದೆ, ನಿಧಾನಕ್ಕೆ. ಮೈಯೊಳಗಿನ ನೀರಿನಂಶ ವರ್ಷಗಟ್ಟಲೆ ತಾಗಿ ಪಾಲಿಸ್ಟರ್ ನೂಲಿನ ಬಲ ಇಳಿಯುತ್ತದೆ. ಆದರೆ ಅಷ್ಟರಲ್ಲಿ ಸುತ್ತ ಗಟ್ಟಿಯಾದ ಗಾಯದ ಪದರ ಬೆಳೆದು ಬಟ್ಟೆಗೆ ಒತ್ತಾಸೆಯಾಗಿ ನಿಂತಿರುತ್ತದೆ. ಇಲ್ಲಿ ಅಪ್ಪ ಕೇಳಿದ ಮೊದಲ ಪ್ರಶ್ನೆ ಎಷ್ಟು ಸರಿಯಾಗಿತ್ತು ಅಂತ ನನಗೆ ಆಮೇಲೆ ಅರ್ಥವಾಯಿತು. ನಿಟ್ಟಿಂಗ್ ಬಟ್ಟೆಯ ಟ್ಯೂಬ್ ಮೆತ್ತಗಿರುತ್ತದೆ, ಹೊಲಿಯಲು ಸುಲಭ, ಆದರೆ ರಕ್ತದ ಒತ್ತಡಕ್ಕೆ ಹಾಕಿದ ಮೇಲೆ ಸ್ವಲ್ಪ ಅಗಲವಾಗುತ್ತದೆ. ಮಗ್ಗದ ಟ್ಯೂಬ್ ಬಿರುಸು, ಅಗಲವಾಗುವುದು ತೀರಾ ಕಡಿಮೆ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ನಬೀಲ್ ಶಕ್ಫೆ ಅನ್ನುವ ಸರ್ಜನ್ನರ ತಂಡ ರೋಗಿಗಳಿಂದ ಹೊರತೆಗೆದ ಹಳೆಯ ಟ್ಯೂಬುಗಳನ್ನು ಕೂಡಿಟ್ಟು, ಎಳೆ ಎಳೆಯಾಗಿ ಪರೀಕ್ಷೆ ಮಾಡುತ್ತಾ ಬಂದಿದೆ. ಹಳೆಯ ಕಾಲದ ಕೆಲವು ನಿಟ್ಟಿಂಗ್ ಟ್ಯೂಬುಗಳು ದಶಕಕ್ಕೂ ಹೆಚ್ಚು ಕಾಲದ ನಂತರ ಹರಿದಿದ್ದವು. ಎಲ್ಲಿ ಹರಿದಿದ್ದವು ಗೊತ್ತಾ? ಬಟ್ಟೆಯನ್ನು ಕೊಳವೆಯಾಗಿ ಕೂಡಿಸಿದ ಸಾಲಿನಲ್ಲಿ, ಮತ್ತು ಆ ಕಪ್ಪು ಗೆರೆಯ ಜಾಗದಲ್ಲಿ. ಸರ್ಜನ್‌ಗೆ ದಾರಿ ತೋರಿಸಲಿ ಅಂತ ಹಾಕಿದ ಎಳೆಯೇ ಅಲ್ಲಿ ದುರ್ಬಲ ಎಳೆಯಾಗಿತ್ತು. ಇದನ್ನು ಓದಿ ಹೇಳಿದಾಗ ಅಪ್ಪನಿಗೆ ಏನೂ ಆಶ್ಚರ್ಯವಾಗಲಿಲ್ಲ. "ಬಣ್ಣದ ಎಳೆ ಬೇರೆ ಲಾಟಿಂದು ಬಂದ್ರೆ ಅಲ್ಲೇ ಪಿಸಿಯೋದು ಕಣಮ್ಮ" ಅಂದರು.

ಹೊಸ ಟ್ಯೂಬುಗಳಲ್ಲಿ ಇಂಥ ದೋಷ ತಿದ್ದಿಕೊಂಡು ಬಂದಿದ್ದಾರೆ. ಹೊಟ್ಟೆಯಿಂದ ಎರಡೂ ತೊಡೆಗೆ ಹೋಗುವ ವೈ ಆಕಾರದ ಟ್ಯೂಬುಗಳನ್ನೇ ನೋಡಿ. ಕಾಲಿಗೆ ರಕ್ತ ಹೋಗದವರಿಗೆ ಹಾಕುವ ಇವು ಹತ್ತು ವರ್ಷದ ನಂತರವೂ ನೂರಕ್ಕೆ ಸುಮಾರು ಎಂಬತ್ತರಷ್ಟು ತೆರೆದೇ ಇರುತ್ತವೆ. ಎದೆಯ ಅಯೋರ್ಟಾದಲ್ಲಿ ರಕ್ತ ಎಷ್ಟು ಜೋರಾಗಿ ನುಗ್ಗುತ್ತದೆ ಅಂದರೆ, ಅಲ್ಲಿನ ಟ್ಯೂಬ್ ಕಟ್ಟಿಕೊಳ್ಳುವ ಮಾತೇ ಅಪರೂಪ.

ಕೂಡಿಕೊಳ್ಳದ ಜಾಗ

ಹೊಲಿಗೆಯ ವಿಷಯ ನನಗೆ ಅರ್ಥವಾಗಲು ತುಂಬಾ ದಿನ ಹಿಡಿಯಿತು. ಗಾಯ ಹೊಲಿದರೆ ಕೂಡಿಕೊಳ್ಳುತ್ತದೆ, ಆಮೇಲೆ ಹೊಲಿಗೆಗೆ ಕೆಲಸವಿಲ್ಲ, ಇದು ನಮ್ಮೆಲ್ಲರ ಅನುಭವ. ರಕ್ತನಾಳಕ್ಕೆ ರಕ್ತನಾಳ ಹೊಲಿದರೂ ಹಾಗೇ. ಆದರೆ ಬಟ್ಟೆಗೆ ರಕ್ತನಾಳ ಹೊಲಿದರೆ ಅದು ಯಾವತ್ತೂ ಪೂರ್ತಿ ಕೂಡುವುದಿಲ್ಲ. ಸುತ್ತ ಪದರ ಬೆಳೆಯುತ್ತದೆ, ಅಂಟಿಕೊಳ್ಳುತ್ತದೆ, ಆದರೆ ಎರಡನ್ನೂ ಹಿಡಿದಿಟ್ಟುಕೊಳ್ಳುವ ಭಾರ ಬದುಕಿರುವಷ್ಟು ಕಾಲವೂ ಹೊಲಿಗೆಯ ನೂಲಿನ ಮೇಲೇ ಇರುತ್ತದೆ. ಟ್ಯೂಬಿನ ಒಳಮೈ ಕೂಡ ಅಷ್ಟೇ. ನಾಯಿಯಲ್ಲಿ, ಹಂದಿಯಲ್ಲಿ ರಕ್ತನಾಳದ ಒಳಪದರ ಟ್ಯೂಬಿನೊಳಗೆ ದೂರದವರೆಗೆ ಹಬ್ಬುತ್ತದೆ. ಮನುಷ್ಯನಲ್ಲಿ ಜೋಡಣೆಯಿಂದ ಒಂದೆರಡು ಸೆಂಟಿಮೀಟರ್ ಹೋಗಿ ನಿಂತುಬಿಡುತ್ತದೆ. ವೂರ್ಹೀಸ್ ನಾಯಿಯಲ್ಲಿ ಕಂಡ ಆ ನಯವಾದ ಪದರ ನಮ್ಮ ಎದೆಯೊಳಗೆ ಪೂರ್ತಿ ಬರಲೇ ಇಲ್ಲ. ಮಿಕ್ಕ ಭಾಗಕ್ಕೆ ಫೈಬ್ರಿನ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನಿನ ಒಂದು ಲೇಪ ಅಷ್ಟೇ.

ಮೊದಮೊದಲು ಸರ್ಜನ್ನರು ಈ ಜೋಡಣೆಗೆ ರೇಷ್ಮೆ ನೂಲು ಬಳಸುತ್ತಿದ್ದರು. ರೇಷ್ಮೆಯನ್ನು ದೇಹ ನಿಧಾನವಾಗಿ ತಿನ್ನುತ್ತದೆ. ವರ್ಷಗಳ ನಂತರ ಹೊಲಿಗೆ ಸಡಿಲವಾಗಿ, ಬಟ್ಟೆ ಮತ್ತು ರಕ್ತನಾಳದ ನಡುವೆ ಸಂದು ಬಿಟ್ಟು, ರಕ್ತ ಹೊರಬಂದು ಸುತ್ತಲಿನ ಪದರದೊಳಗೆ ಚೀಲದಂತೆ ಉಬ್ಬತೊಡಗಿತು. ಅದಕ್ಕೆ ಸುಳ್ಳು ಅನ್ಯೂರಿಸಂ ಅಂತಾರೆ. ಅನ್ಯೂರಿಸಂ ಅಂದರೆ ರಕ್ತನಾಳದ ಉಬ್ಬು. ರೇಷ್ಮೆ ಬಿಟ್ಟು ಪಾಲಿಪ್ರೊಪಿಲೀನ್ ನೂಲು ಬಂದ ಮೇಲೆ ಇದು ಬಹಳ ಕಡಿಮೆಯಾಯಿತು, ಇಲ್ಲವಾಗಲಿಲ್ಲ. ಈಗ ನೂಲು ತಡೆದರೂ ಅದು ಚುಚ್ಚಿಕೊಂಡಿರುವ ರಕ್ತನಾಳ ಸೊರಗಿರಬಹುದು. ಸೋಂಕು ಹತ್ತಿರಬಹುದು. ತೊಡೆಯ ಸಂದಿನಲ್ಲಿ ಕಾಲು ಮಡಚಿ ಬಿಡಿಸುವ ಜಗ್ಗಾಟ ಇರುವುದರಿಂದ ಅಲ್ಲಿ ಇದು ಜಾಸ್ತಿ.

ಇನ್ನು ಮಿಕ್ಕಿದ ಅಯೋರ್ಟಾ. ಟ್ಯೂಬ್ ಹಾಕಿದ್ದು ಉಬ್ಬಿದ್ದ ಒಂದು ತುಂಡಿಗೆ ಮಾತ್ರ. ಅದರಾಚೆಗಿನ ಕಮಾನು, ಬೆನ್ನಿನ ಉದ್ದಕ್ಕೂ ಇಳಿಯುವ ಭಾಗ, ಹೊಟ್ಟೆಯದು, ಎಲ್ಲವೂ ಹಳೆಯದೇ, ಅದೇ ಮನುಷ್ಯನದೇ, ಅದೇ ಬಿ.ಪಿ. ತಿಂದದ್ದೇ. ಜೊತೆಗೆ ಇನ್ನೊಂದು ವಿಷಯ. ಒಳ್ಳೆಯ ಅಯೋರ್ಟಾ ಪ್ರತಿ ಬಡಿತಕ್ಕೂ ಹಿಗ್ಗಿ ರಕ್ತದ ರಭಸವನ್ನು ತಾನು ನುಂಗಿಕೊಂಡು, ಕುಗ್ಗುವಾಗ ನಿಧಾನಕ್ಕೆ ಮುಂದಕ್ಕೆ ದೂಡುತ್ತದೆ. ಪಾಲಿಸ್ಟರ್ ಹಿಗ್ಗುವುದಿಲ್ಲ. ಆ ರಭಸ ನೇರವಾಗಿ ಮುಂದಿನ ಭಾಗಕ್ಕೆ ಹೋಗುತ್ತದೆ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ, ವರ್ಷಕ್ಕೆ ಮೂರೂವರೆ ಕೋಟಿಗೂ ಮೇಲೆ. ಆಪರೇಷನ್ ಆದ ಮೇಲೆ ಬಿ.ಪಿ. ಮಾತ್ರೆಗೆ ಅಷ್ಟೊಂದು ಒತ್ತು ಯಾಕೆ ಕೊಡುತ್ತಾರೆ ಅನ್ನುವುದು ನನಗೆ ತಿಳಿದದ್ದು ಇಲ್ಲಿ. ಡಾಕ್ಟರು ಅಪ್ಪನಿಗೆ "ಬಿ.ಪಿ. ಮಾತ್ರೆ ಮರೀಬೇಡಿ" ಅಂದಿದ್ದರು, ಅಷ್ಟೇ. ಹಿಗ್ಗದ ಟ್ಯೂಬಿನ ಮುಂದೆ ಹಿಗ್ಗುವ ಹಳೆಯ ನಾಳ ಇದೆ ಅಂತ ಕೂರಿಸಿ ಹೇಳಿದ ಮೇಲೆ ಅಪ್ಪ ಒಂದು ಹೊತ್ತೂ ತಪ್ಪಿಸಿಲ್ಲ. ಮಗ್ಗದವರಿಗೆ ಎಳೆತದ ಲೆಕ್ಕ ಹೇಳಿಕೊಡಬೇಕಾಗಿಲ್ಲ.

ಎದೆ ಸೀಳದೆ ಹಾಕುವ ಟ್ಯೂಬ್

"ಈಗ ತೊಡೆಯಿಂದಲೇ ಟ್ಯೂಬ್ ಹಾಕ್ತಾರಂತಲ್ಲ, ನಿಮ್ಮಪ್ಪನಿಗೆ ಯಾಕೆ ಹಾಗೆ ಮಾಡಿಸಲಿಲ್ಲ?" ಇದು ನೆಂಟರ ಎರಡನೇ ಪ್ರಶ್ನೆ. ಅಪ್ಪನಿಗೆ ಇದ್ದ ಜಾಗ, ಹೃದಯದಿಂದ ಆಗಷ್ಟೇ ಹೊರಟ ಭಾಗ, ಈಗಲೂ ಮುಖ್ಯವಾಗಿ ಎದೆ ತೆರೆದು ಮಾಡುವ ಆಪರೇಷನ್ನೇ. ಹೊಟ್ಟೆಯ ಅಯೋರ್ಟಾಕ್ಕೆ ಮತ್ತು ಎದೆಯಿಂದ ಕೆಳಗಿಳಿಯುವ ಭಾಗಕ್ಕೆ ತೊಡೆಯ ರಕ್ತನಾಳದಿಂದ ತೂರಿಸುವ ಸ್ಟೆಂಟ್ ಗ್ರಾಫ್ಟ್ ಇದೆ. 1987ರಲ್ಲಿ ಖಾರ್ಕಿವ್‌ನ ನಿಕೊಲಾಯ್ ವೊಲೊದೊಸ್ ಎದೆಯ ಭಾಗಕ್ಕೆ, 1990ರಲ್ಲಿ ಬ್ಯೂನಸ್ ಐರಿಸ್‌ನ ಹುವಾನ್ ಪರೋಡಿ ಹೊಟ್ಟೆಯ ಭಾಗಕ್ಕೆ ಇದನ್ನು ಮಾಡಿದರು. ಬಟ್ಟೆ ಹೆಚ್ಚುಕಡಿಮೆ ಅದೇ ಜಾತಿಯದು. ಹೊಲಿಗೆ ಮಾತ್ರ ಇಲ್ಲ. ಲೋಹದ ಬಲೆ ಒಳಗಿನಿಂದ ಒತ್ತಿ ಹಿಡಿದಿರುತ್ತದೆ, ಕೆಲವದರಲ್ಲಿ ಕೊಕ್ಕೆಯೂ ಇರುತ್ತದೆ.

ಬಾಳಿಕೆಯ ಬಗ್ಗೆ ನಾನು ಓದಿದ್ದರಲ್ಲಿ ನನ್ನನ್ನು ತುಂಬಾ ಹಿಡಿದಿಟ್ಟದ್ದು ಇದೇ. ಬ್ರಿಟನ್ನಿನಲ್ಲಿ 1999ರಿಂದ 2004ರವರೆಗೆ 37 ಆಸ್ಪತ್ರೆಗಳಲ್ಲಿ 1252 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹೊಟ್ಟೆ ತೆರೆದು, ಇನ್ನೊಂದಕ್ಕೆ ತೊಡೆಯಿಂದ ಟ್ಯೂಬ್ ಹಾಕಿ, ವರ್ಷಗಟ್ಟಲೆ ಹಿಂಬಾಲಿಸಿದರು. ಮೊದಲ 30 ದಿನಗಳಲ್ಲಿ ತೊಡೆಯ ದಾರಿಯವರಲ್ಲಿ ಸಾವು 1.8 ಶೇಕಡ, ಹೊಟ್ಟೆ ತೆರೆದವರಲ್ಲಿ 4.3. ಮೊದಲ ಸುತ್ತು ಸ್ಪಷ್ಟವಾಗಿ ಹೊಸ ವಿಧಾನದ್ದು. ಕೆಲವೇ ವರ್ಷಗಳಲ್ಲಿ ಆ ಅಂತರ ಮಾಯವಾಯಿತು. 2016ರಲ್ಲಿ ಬಂದ ಹದಿನೈದು ವರ್ಷದ ವರದಿಯಲ್ಲಿ ಲೆಕ್ಕ ತಿರುವು ಮುರುವಾಗಿತ್ತು. ಎಂಟು ವರ್ಷದ ನಂತರ ಅನ್ಯೂರಿಸಂನಿಂದಲೇ ಆಗುವ ಸಾವು ತೊಡೆಯ ದಾರಿಯವರಲ್ಲಿ ಜಾಸ್ತಿ. ಹಳೆಯ ಉಬ್ಬು ಒಳಗೇ ಉಳಿದಿರುತ್ತದಲ್ಲ, ಟ್ಯೂಬಿನ ಪಕ್ಕದಿಂದ ರಕ್ತ ನುಸುಳಿ ಅದು ಮತ್ತೆ ಹಿಗ್ಗಿ ಒಡೆದದ್ದು ಮುಖ್ಯ ಕಾರಣ. ಅವತ್ತಿನ ಟ್ಯೂಬುಗಳಿಗಿಂತ ಇವತ್ತಿನವು ಸುಧಾರಿಸಿವೆ, ನಿಜ. ವಯಸ್ಸಾದವರಿಗೆ, ಶ್ವಾಸಕೋಶ ಕೆಟ್ಟವರಿಗೆ ಇದು ದೊಡ್ಡ ವರವೇ. ಆದರೆ ಅರವತ್ತರೊಳಗಿನ ಗಟ್ಟಿಮುಟ್ಟಾದವರೊಬ್ಬರು "ನೋವಿಲ್ಲದ್ದು ಮಾಡಿಸಿಕೊಳ್ತೀನಿ, ಮೂರನೇ ದಿನ ಮನೆಗೆ ಹೋಗ್ತೀನಿ" ಅಂದರೆ, ಜೀವನ ಪೂರ್ತಿ ಸ್ಕ್ಯಾನಿಗೆ ಬರುತ್ತೀನಿ ಅನ್ನುವ ಮಾತೂ ಅದರೊಳಗೇ ಸೇರಿದೆ ಅಂತ ಯಾರಾದರೂ ಹೇಳಲೇಬೇಕು.

ಒಂದು ಕೆಟ್ಟ ರಾತ್ರಿ

ಅಪ್ಪನ ಆಪರೇಷನ್ ಆಗಿ ಕೆಲವು ವರ್ಷದ ಮೇಲಿನ ಮಾತು. ಪ್ರತಿ ಸಲ ಸ್ಕ್ಯಾನ್ ಮಾಡಿಸುವ ಜಾಗ ದೂರ ಅಂತ ಆ ಸಲ ಹತ್ತಿರದ ಒಂದು ಸೆಂಟರಿನಲ್ಲಿ ಮಾಡಿಸಿದೆವು. ಚೀಟಿಯಲ್ಲಿ ಹಿಂದೆ ಆಪರೇಷನ್ ಆಗಿದೆ ಅಂತ ಬರೆದಿತ್ತು, ಏನು ಆಪರೇಷನ್ ಅಂತ ಬರೆದಿರಲಿಲ್ಲ. ಕೌಂಟರಿನಲ್ಲಿ ಯಾರೂ ಕೇಳಲೂ ಇಲ್ಲ. ಸಂಜೆ ವರದಿ ಬಂತು. ಟ್ಯೂಬ್ ಮತ್ತು ಅಯೋರ್ಟಾ ಕೂಡುವ ಜಾಗದಲ್ಲಿ ಸುತ್ತಲೂ ಬೆಳ್ಳಗೆ ಕಾಣುತ್ತಿದೆ, ರಕ್ತ ಸೋರುತ್ತಿರಬಹುದು, ಸುಳ್ಳು ಅನ್ಯೂರಿಸಂ ಅನುಮಾನ, ಕೂಡಲೇ ಸರ್ಜನ್ನರನ್ನು ನೋಡಿ.

ಇಷ್ಟೆಲ್ಲ ಓದಿಕೊಂಡಿದ್ದ ನನಗೆ ಆ ಎರಡು ಪದ ಸಾಕಾಗಿತ್ತು. ಅಮ್ಮ ದೇವರ ಮುಂದೆ ಕೂತುಬಿಟ್ಟರು. ಅಪ್ಪ ಮಾತ್ರ ಊಟ ಮಾಡಿ, ಮಲಗುವ ಮುಂಚೆ ನನ್ನನ್ನು ಕರೆದು ಬ್ಯಾಂಕಿನ ಪಾಸ್‌ಬುಕ್ ಎಲ್ಲಿದೆ, ಯಾರಿಂದ ಎಷ್ಟು ಬರಬೇಕು ಅಂತ ಹೇಳಿದರು. ಬರೆದುಕೊಳ್ಳುವಾಗ ನನ್ನ ಕೈ ನಡುಗುತ್ತಿತ್ತು.

ಬೆಳಿಗ್ಗೆ ಸಿ.ಡಿ. ಹಿಡಿದುಕೊಂಡು ಹಳೆಯ ಸರ್ಜನ್ನರ ಹತ್ತಿರ ಓಡಿದೆವು. ಅವರು ವರದಿ ಓದಲಿಲ್ಲ. ಮೊದಲು ಆಪರೇಷನ್ ನೋಟ್ಸ್ ಕೇಳಿದರು. ನಮ್ಮ ಫೈಲಿನಲ್ಲಿ ಇತ್ತು. ಅದರಲ್ಲಿ ಅವರೇ ಬರೆದ ಒಂದು ಸಾಲು ತೋರಿಸಿದರು. ಎರಡೂ ಜೋಡಣೆಗೆ ಹೊರಗಿನಿಂದ ಟೆಫ್ಲಾನ್ ಫೆಲ್ಟಿನ ಪಟ್ಟಿ ಕೊಟ್ಟು ಹೊಲಿಯಲಾಗಿದೆ. ಸೊರಗಿದ ರಕ್ತನಾಳವನ್ನು ನೂಲು ಕೊಯ್ಯದಿರಲಿ ಅಂತ ಆ ಪಟ್ಟಿ. ಫೆಲ್ಟ್ ಅಂದರೆ ನೇಯದೆ ಒತ್ತಿ ಮಾಡಿದ ದಪ್ಪ ಬಟ್ಟೆ, ಅದು ಸಿ.ಟಿ.ಯಲ್ಲಿ ಬೆಳ್ಳಗೇ ಕಾಣುತ್ತದೆ. ಕಾಂಟ್ರಾಸ್ಟ್ ಔಷಧಿ ಕೊಟ್ಟಾಗ ರಕ್ತವೂ ಬೆಳ್ಳಗೆ. ಎರಡನ್ನೂ ಬೇರೆ ಮಾಡಿ ನೋಡಲು ಕಾಂಟ್ರಾಸ್ಟ್ ಕೊಡುವ ಮುಂಚೆ ಒಂದು ಸ್ಕ್ಯಾನ್ ತೆಗೆಯಬೇಕು. ಆಗಲೂ ಬೆಳ್ಳಗಿದ್ದರೆ ಅದು ಫೆಲ್ಟ್, ರಕ್ತ ಅಲ್ಲ. ಆ ಸೆಂಟರಿನಲ್ಲಿ ಅದನ್ನು ತೆಗೆದಿರಲಿಲ್ಲ. ಸರ್ಜನ್ ಹಳೆಯ ಸ್ಕ್ಯಾನನ್ನು ಪಕ್ಕದಲ್ಲಿಟ್ಟು ತೋರಿಸಿದರು. ಅದೇ ಜಾಗ, ಅದೇ ಬಿಳುಪು, ಅದೇ ಅಗಲ. ಅಪ್ಪ ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಹೋಗಿ ನೋಡಿ, "ಓ, ಇದು ನೀವು ಕೊಟ್ಟಿರೋ ಪಟ್ಟಿನಾ" ಅಂದರು.

ವರದಿ ಬರೆದವರ ಮೇಲೆ ನನಗೆ ಅವತ್ತು ಸಿಟ್ಟು ಬಂದಿತ್ತು. ಈಗ ಅಷ್ಟಿಲ್ಲ. ಅವರ ಮುಂದೆ ಇದ್ದದ್ದು ಒಂದು ಚಿತ್ರ ಮಾತ್ರ. ಆ ಮನುಷ್ಯನೊಳಗೆ ಏನು ಹಾಕಿದ್ದಾರೆ ಅನ್ನುವ ಕಾಗದ ಇರಲಿಲ್ಲ. ಇದು ಉಲ್ಟಾ ಕೂಡ ಆಗಬಹುದಿತ್ತು. ನಿಜವಾದ ಸೋರಿಕೆಯನ್ನು ಫೆಲ್ಟ್ ಅಂದುಕೊಂಡು ಬಿಟ್ಟುಬಿಡಬಹುದಿತ್ತು. ಅದು ಇನ್ನೂ ಭಯದ ಮಾತು.

ಕಾಗದ ಬಾಳಬೇಕು

ಸೋಂಕಿನ ವಿಷಯ ನೋಡಿ. ಟ್ಯೂಬಿಗೆ ಸೋಂಕು ತಗಲುವುದು ನೂರಕ್ಕೆ ಒಂದೆರಡು, ಆದರೆ ತಗಲಿದರೆ ಆ್ಯಂಟಿಬಯಾಟಿಕ್ ಒಂದರಿಂದಲೇ ಹೋಗುವುದು ಕಷ್ಟ. ಬ್ಯಾಕ್ಟೀರಿಯಾ ಬಟ್ಟೆಯ ಎಳೆಗಳ ನಡುವೆ ಗೂಡು ಕಟ್ಟಿಕೊಂಡಿರುತ್ತವೆ. ಇದು ವರ್ಷಗಳ ನಂತರವೂ ಬರಬಹುದು. ಬಿಟ್ಟು ಬಿಟ್ಟು ಬರುವ ಜ್ವರ, ತೂಕ ಇಳಿಯುವುದು, ಇಷ್ಟೇ ಇರಬಹುದು ಲಕ್ಷಣ. ಹೊಟ್ಟೆಯ ಅಯೋರ್ಟಾಕ್ಕೆ ಟ್ಯೂಬ್ ಹಾಕಿಸಿಕೊಂಡವರಲ್ಲಿ ಅಪರೂಪಕ್ಕೆ ಅದು ಪಕ್ಕದ ಕರುಳಿಗೆ ಅಂಟಿ ತೂತು ಬೀಳುತ್ತದೆ. ಮೊದಲು ಒಂದು ಸಣ್ಣ ರಕ್ತವಾಂತಿ ಅಥವಾ ಕಪ್ಪು ಮಲ, ತಾನಾಗೇ ನಿಲ್ಲುತ್ತದೆ. ಕೆಲವು ಗಂಟೆ ಅಥವಾ ದಿನಗಳ ನಂತರ ದೊಡ್ಡದು. ಮೊದಲ ಸಲವೇ "ನನ್ನ ಹೊಟ್ಟೆಯಲ್ಲಿ ಟ್ಯೂಬ್ ಇದೆ" ಅಂತ ಹೇಳಿದವರಿಗೆ ಡಾಕ್ಟರು ಸ್ಕ್ಯಾನ್ ಮಾಡುತ್ತಾರೆ. ಹೇಳದವರಿಗೆ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳಿಸುತ್ತಾರೆ.

ಎಷ್ಟೋ ಜನಕ್ಕೆ ಹೇಳುವುದೇ ಗೊತ್ತಿಲ್ಲ. ಸ್ಕ್ಯಾನಿನ ಸರದಿಯಲ್ಲಿ ಕೂತಿದ್ದಾಗ ಪಕ್ಕದಲ್ಲಿ ಒಬ್ಬಳು ಹುಡುಗಿ ಸಿಕ್ಕಿದ್ದಳು, ರಾಯಚೂರಿನ ಕಡೆಯವಳು. ಟಕಯಾಸು ಅನ್ನುವ ಕಾಯಿಲೆ. ಅಯೋರ್ಟಾ ಮತ್ತು ಅದರ ಕವಲುಗಳ ಗೋಡೆಯೇ ಉರಿಯೂತದಿಂದ ದಪ್ಪವಾಗುತ್ತದೆ. ಏಷ್ಯಾದಲ್ಲಿ ಹೆಚ್ಚು, ಅದರಲ್ಲೂ ಎಳೆಯ ಹೆಂಗಸರಲ್ಲಿ. ಅವಳಿಗೆ ಮದುವೆಗೆ ಮುಂಚೆಯೇ ಟ್ಯೂಬ್ ಹಾಕಿದ್ದರು. "ಏನೋ ಬೈಪಾಸ್ ಅಂದ್ರು ಅಕ್ಕಾ, ಫೈಲ್ ಊರಾಗ ನೀರು ನುಗ್ಗಿದಾಗ ಹೋತು" ಅಂದಳು. ಈ ಕಾಯಿಲೆಯಲ್ಲಿ ಗೋಡೆಯೇ ಸೊರಗಿರುವುದರಿಂದ ಹೊಲಿಗೆಯ ಜಾಗದಲ್ಲಿ ವರ್ಷಗಳ ನಂತರವೂ ಉಬ್ಬು ಬರುತ್ತದೆ. ಬದುಕಿರುವಷ್ಟು ದಿನವೂ ನೋಡಿಸಿಕೊಳ್ಳುತ್ತಾ ಇರಬೇಕು. ಅಪ್ಪನ ಟ್ಯೂಬ್ ಇಪ್ಪತ್ತು ವರ್ಷ ಬಂದರೆ ನಮಗೆ ಸಂತೋಷ. ಅವಳದು ಐವತ್ತು ವರ್ಷ ಬರಬೇಕು. ಅವಳ ಹತ್ತಿರ ಒಂದು ಚೀಟಿಯೂ ಇಲ್ಲ.

2002ರ ಭಾರತೀಯ ವೈದ್ಯಕೀಯ ಮಂಡಳಿಯ ನಿಯಮದ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟುಕೊಂಡಿದ್ದರೆ ಸಾಕು. ದಶಕಗಳು ಬಾಳುವ ಬಟ್ಟೆಗೆ ಮೂರು ವರ್ಷದ ಕಾಗದ. ಇದು ತಪ್ಪು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. ಮೈಯೊಳಗೆ ಶಾಶ್ವತವಾಗಿ ಏನಾದರೂ ಹಾಕಿದರೆ ಅದರ ದಾಖಲೆ ಆ ಮನುಷ್ಯ ಇರುವವರೆಗೂ ಇರಬೇಕು. ಆದರೆ ಅದೇ ನಿಯಮದಲ್ಲಿ ನಮಗೆ ಅನುಕೂಲದ ಮಾತೂ ಇದೆ. ರೋಗಿ ಅಥವಾ ಅವರ ಕಡೆಯವರು ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು.

ಹಾಗಾಗಿ ನಿಮ್ಮ ಮನೆಯಲ್ಲಿ ಯಾರಿಗಾದರೂ ಇಂಥ ಆಪರೇಷನ್ ಆಗಿದ್ದರೆ ಡಿಸ್ಚಾರ್ಜ್ ಸಮ್ಮರಿ ಒಂದಕ್ಕೇ ಸುಮ್ಮನಾಗಬೇಡಿ. ಅದರಲ್ಲಿ ಕೊಟ್ಟ ಮಾತ್ರೆ ಇರುತ್ತದೆ, ಹೊಲಿಗೆಯ ವಿವರ ಇರುವುದು ಕಡಿಮೆ. ಆಪರೇಷನ್ ನೋಟ್ಸ್ ಪೂರ್ತಿ ಕೇಳಿ. ಟ್ಯೂಬಿನ ಪೊಟ್ಟಣದ ಮೇಲೆ ಅಂಟಿಸಿರುವ ಸ್ಟಿಕ್ಕರಿನಲ್ಲಿ ಕಂಪನಿ, ಅಳತೆ, ಲಾಟ್ ನಂಬರ್ ಇರುತ್ತದೆ, ಅದರ ಜೆರಾಕ್ಸ್ ಕೇಳಿ. ಆಪರೇಷನ್ ಆದ ಮೇಲಿನ ಮೊದಲ ಸ್ಕ್ಯಾನಿನ ಚಿತ್ರಗಳನ್ನೇ ಕೇಳಿ, ವರದಿ ಮಾತ್ರ ಸಾಲದು. ಮುಂದೆ ಬರುವ ಪ್ರತಿ ಸ್ಕ್ಯಾನನ್ನೂ ಅದರ ಪಕ್ಕದಲ್ಲಿಟ್ಟೇ ನೋಡಬೇಕು. ನಾವು ಇವೆಲ್ಲವನ್ನೂ ಫೋಟೋ ತೆಗೆದು ಅಪ್ಪ, ಅಮ್ಮ, ತಮ್ಮ, ನಾನು, ನಾಲ್ಕೂ ಜನರ ಫೋನಿನಲ್ಲಿ ಇಟ್ಟುಕೊಂಡಿದ್ದೇವೆ. ಅಪ್ಪನ ಜೇಬಿನಲ್ಲಿ ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು ಚೀಟಿ ಇದೆ. ಎಲ್ಲಿ ಏನು ಹಾಕಿದ್ದಾರೆ, ಯಾವ ವರ್ಷ, ಫೆಲ್ಟ್ ಪಟ್ಟಿ ಇದೆ, ಸ್ಕ್ಯಾನ್ ಮಾಡುವುದಾದರೆ ಕಾಂಟ್ರಾಸ್ಟಿಗೆ ಮುಂಚೆ ಒಂದು ತೆಗೆಯಿರಿ, ಅಂತ. ರಾಯಚೂರಿನ ಹುಡುಗಿಗೆ ಆಸ್ಪತ್ರೆಗೆ ಕೊಡುವ ಅರ್ಜಿಯನ್ನು ಅಲ್ಲೇ ಕೂತು ಬರೆದುಕೊಟ್ಟೆ. ಹೆಸರು, ಒಳರೋಗಿ ನಂಬರ್ ನೆನಪಿದ್ದರೆ ಅದು, ಆಪರೇಷನ್ ಆದ ತಿಂಗಳು, ಬೇಕಾದ ಕಾಗದಗಳ ಹೆಸರು, ಕೆಳಗೆ ಸಹಿ. ಅರ್ಧ ಪುಟ ಸಾಕು. ಕೊಟ್ಟ ಮೇಲೆ ನಕಲಿನ ಮೇಲೆ ಸ್ವೀಕೃತಿಯ ಸೀಲು ಹಾಕಿಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ.